ಕೇಳಿದರೆ ಮಾತ್ರ ಸಿಗುವ ಹಕ್ಕು: ಇಂಟರ್ನೆಟ್ ನಿಯಮಗಳಿಂದ ಗ್ರಾಹಕರಿಗೆ ದಕ್ಕಿದ್ದೆಷ್ಟು?

ಮೊಬೈಲ್ ಪ್ಲಾನ್ ಅಂದರೆ 28 ದಿನ ಅನ್ನುವುದು ನಮಗೆಲ್ಲ ಎಷ್ಟು ರೂಢಿಯಾಗಿದೆ ಅಂದರೆ, ಅದರ ಲೆಕ್ಕ ಹಾಕುವುದನ್ನೇ ಬಿಟ್ಟಿದ್ದೇವೆ. 28ನ್ನು 13ರಿಂದ ಗುಣಿಸಿದರೆ 364. ವರ್ಷಕ್ಕೆ ತಿಂಗಳು ಹನ್ನೆರಡು, ರೀಚಾರ್ಜ್ ಮಾತ್ರ ಹದಿಮೂರು. ಸಂಬಳ ತಿಂಗಳಿಗೊಮ್ಮೆ ಬರುತ್ತದೆ. ಮನೆ ಬಾಡಿಗೆ, ಕರೆಂಟ್ ಬಿಲ್ಲು, ಹಾಲಿನ ಲೆಕ್ಕ ಎಲ್ಲವೂ ತಿಂಗಳಿಗೊಮ್ಮೆಯೇ. ಮೊಬೈಲಿನ ತಿಂಗಳು ಮಾತ್ರ ಎರಡು ಮೂರು ದಿನ ಮೊದಲೇ ಮುಗಿದುಹೋಗುತ್ತದೆ.

ಈ ಬಗ್ಗೆ ದೂರುಗಳು ಜಾಸ್ತಿಯಾದ ಮೇಲೆ ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2022ರ ಜನವರಿಯಲ್ಲಿ ಆದೇಶ ಹೊರಡಿಸಿತು. ಪ್ರತಿ ಕಂಪನಿಯೂ ಪೂರ್ತಿ 30 ದಿನದ ಒಂದು ಪ್ಲಾನ್ ಆದರೂ ಇಡಬೇಕು. ಪ್ರತಿ ತಿಂಗಳು ಅದೇ ತಾರೀಖಿಗೆ ರೀಚಾರ್ಜ್ ಮಾಡಿಸಬಹುದಾದ ಇನ್ನೊಂದು ಪ್ಲಾನ್ ಇರಬೇಕು. ಕಂಪನಿಗಳು ಇಟ್ಟವು. ಆದೇಶದಲ್ಲಿ ಹೇಳಿದ್ದು ಹೇಳಿದ ಹಾಗೆಯೇ ಆಯಿತು. ಆದರೆ 28 ದಿನದ ಪ್ಲಾನ್‌ಗಳು ಎಲ್ಲಿಗೂ ಹೋಗಲಿಲ್ಲ. ಆ್ಯಪ್‌ನಲ್ಲಿ ಮೇಲೆಯೇ ಕಣ್ಣಿಗೆ ಬೀಳುವುದು, ರೀಚಾರ್ಜ್ ಅಂಗಡಿಯಲ್ಲಿ ಮೊದಲು ಹೇಳುವುದು ಇವತ್ತಿಗೂ ಹೆಚ್ಚಾಗಿ ಅವನ್ನೇ. ಪೂರ್ತಿ ತಿಂಗಳಿನ ಪ್ಲಾನ್ ಬೇಕು ಅಂದರೆ ನಾವೇ ಕೆಳಗೆ ಸರಿಸುತ್ತಾ ಹುಡುಕಬೇಕು. ಅಂಥದ್ದೊಂದು ಇದೆ ಅಂತ ಗೊತ್ತಿದ್ದರೆ ತಾನೇ ಹುಡುಕುವುದು?

ಇಂಟರ್ನೆಟ್ ಸೇವೆಗೆ ಸರ್ಕಾರದ ನಿಯಮ ಬೇಕೇ, ಇಲ್ಲ ಮಾರುಕಟ್ಟೆಗೇ ಬಿಡಬೇಕೇ ಅಂತ ವಾದ ನಡೆಯುತ್ತಲೇ ಇರುತ್ತದೆ. ಆ ವಾದದಲ್ಲಿ ಒಂದು ಮುಖ್ಯ ವಿಷಯ ತಪ್ಪಿಹೋಗುತ್ತದೆ. ನಿಯಮಗಳಲ್ಲೇ ಎರಡು ಜಾತಿ ಇದೆ. ಗ್ರಾಹಕರು ಸುಮ್ನೆ ಕೂತಿದ್ದರೂ ಅವರ ಪರ ಕೆಲಸ ಮಾಡುವ ನಿಯಮ ಒಂದು. ಗ್ರಾಹಕರೇ ಹುಡುಕಿ, ಕೇಳಿ, ಬೆನ್ನು ಹತ್ತಿದರೆ ಮಾತ್ರ ಫಲ ಕೊಡುವ ನಿಯಮ ಇನ್ನೊಂದು. ನಮ್ಮಲ್ಲಿ ಎರಡನೆಯ ಜಾತಿಯದ್ದೇ ರಾಶಿ ಬಿದ್ದಿದೆ. ಮೊದಲನೆಯದ್ದು ಬಹಳ ಕಡಿಮೆ. ಆದರೆ ನಮ್ಮ ದಿನನಿತ್ಯದ ಬಳಕೆಯನ್ನು ನಿಜವಾಗಿ ಕಾಪಾಡಿರುವುದು ಆ ಕಡಿಮೆ ಇರುವ ನಿಯಮಗಳೇ.

ಯಾರಿಗೂ ಕಾಣದೆ ಕೆಲಸ ಮಾಡುತ್ತಿರುವ ನಿಯಮ

ಹತ್ತು ವರ್ಷ ಹಿಂದಕ್ಕೆ ಹೋಗೋಣ. 2014ರ ಡಿಸೆಂಬರ್‌ನಲ್ಲಿ ಏರ್‌ಟೆಲ್ ಒಂದು ಘೋಷಣೆ ಮಾಡಿತು. ಸ್ಕೈಪ್, ವೈಬರ್ ಥರದ ಆ್ಯಪ್‌ಗಳಲ್ಲಿ ಮಾತಾಡಿದರೆ ಅದಕ್ಕೆ ಬೇರೆ ದುಡ್ಡು. ಡೇಟಾಕ್ಕೆ ದುಡ್ಡು ಕೊಟ್ಟ ಮೇಲೂ, ಆ ಡೇಟಾದಲ್ಲಿ ಏನು ಮಾಡುತ್ತೀರಿ ಅನ್ನುವುದಕ್ಕೆ ಮತ್ತೆ ದುಡ್ಡು! ಜನ ಸಿಟ್ಟಾದರು, ಕಂಪನಿ ಹಿಂದೆ ಸರಿಯಿತು. 2015ರ ಏಪ್ರಿಲ್‌ನಲ್ಲಿ ಅದೇ ಕಂಪನಿಯಿಂದ ಏರ್‌ಟೆಲ್ ಜೀರೊ ಬಂತು. ಕೆಲವು ಆ್ಯಪ್‌ಗಳು ಕಂಪನಿಗೆ ದುಡ್ಡು ಕೊಡುತ್ತವೆ, ಬಳಸುವವರಿಗೆ ಅವು ಪುಕ್ಕಟೆ. ಅದೇ ಹೊತ್ತಿಗೆ ಫೇಸ್‌ಬುಕ್ ತನ್ನ ಇಂಟರ್ನೆಟ್.ಆರ್ಗ್ ಯೋಜನೆಯನ್ನು, ಮುಂದೆ ಫ್ರೀ ಬೇಸಿಕ್ಸ್ ಅನ್ನುವ ಹೆಸರಲ್ಲಿ, ಇಲ್ಲಿ ಹರಡಲು ಹೊರಟಿತ್ತು. ಆರಿಸಿದ ಕೆಲವು ತಾಣಗಳು ಮಾತ್ರ ಉಚಿತ, ಉಳಿದ ಇಂಟರ್ನೆಟ್ ಬೇಕಾದರೆ ದುಡ್ಡು ಕೊಡಿ.

ಪುಕ್ಕಟೆ ಕೊಟ್ಟರೆ ಏನು ತಪ್ಪು ಅಂತ ಆಗ ಬಹಳ ಜನ ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಉತ್ತರ ಗೊತ್ತಾಗಬೇಕಾದರೆ ಹೊಸದಾಗಿ ಆ್ಯಪ್ ಶುರು ಮಾಡುವವರ ಕಡೆಯಿಂದ ನೋಡಬೇಕು. ಒಂದು ವಿಡಿಯೊ ಆ್ಯಪ್ ಉಚಿತ, ಇನ್ನೊಂದು ಡೇಟಾ ನುಂಗುತ್ತದೆ ಅಂದರೆ ಜನ ಯಾವುದಕ್ಕೆ ಹೋಗುತ್ತಾರೆ? ಎರಡನೆಯದು ಎಷ್ಟೇ ಚೆನ್ನಾಗಿದ್ದರೂ ಮೇಲೇಳುವುದಿಲ್ಲ. ಆಮೇಲೆ ಗ್ರಾಹಕರಿಗೆ ಆಯ್ಕೆ ಅನ್ನುವುದೇ ಉಳಿಯುವುದಿಲ್ಲ. ಆ ನಷ್ಟ ಯಾವ ಬಿಲ್ಲಿನಲ್ಲೂ ಕಾಣುವುದಿಲ್ಲ. ಹುಟ್ಟದೇ ಹೋದ ಸೇವೆಯ ಬಗ್ಗೆ ಯಾರು ದೂರು ಕೊಡುತ್ತಾರೆ?

ಟ್ರಾಯ್ 2015ರ ಮಾರ್ಚ್‌ನಲ್ಲಿ ಈ ವಿಷಯದ ಮೇಲೆ ಅಭಿಪ್ರಾಯ ಕೇಳಿದಾಗ ಹತ್ತು ಲಕ್ಷಕ್ಕೂ ಹೆಚ್ಚು ಇಮೇಲ್‌ಗಳು ಹೋದವು. ಸಾಮಾನ್ಯವಾಗಿ ಕಂಪನಿಗಳು, ವಕೀಲರು ಮಾತ್ರ ಉತ್ತರ ಬರೆಯುವ ಜಾಗ ಅದು. ಕೊನೆಗೆ 2016ರ ಫೆಬ್ರುವರಿ 8ರಂದು ನಿಯಮ ಬಂತು. ಏನನ್ನು ನೋಡುತ್ತೀರಿ ಅನ್ನುವುದರ ಮೇಲೆ ಡೇಟಾಕ್ಕೆ ಬೇರೆ ಬೇರೆ ದರ ಹಾಕುವಂತಿಲ್ಲ. ಮೀರಿದರೆ ದಿನಕ್ಕೆ 50 ಸಾವಿರ ರೂಪಾಯಿ ದಂಡ, ಗರಿಷ್ಠ 50 ಲಕ್ಷ. ಫ್ರೀ ಬೇಸಿಕ್ಸ್ ಇಲ್ಲಿಂದ ಹೊರಟುಹೋಯಿತು. ಅಲ್ಲಿಯವರೆಗೆ ಮಾರುತ್ತಿದ್ದ ವಾಟ್ಸ್‌ಆ್ಯಪ್ ಪ್ಯಾಕ್, ಫೇಸ್‌ಬುಕ್ ಪ್ಯಾಕ್‌ಗಳೂ ಮಾಯವಾದವು. 2018ರಲ್ಲಿ ಸರ್ಕಾರ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಯಾವ ತಾಣವನ್ನೂ ಬೇಕೆಂದೇ ತಡೆಯಬಾರದು, ನಿಧಾನ ಮಾಡಬಾರದು, ಯಾವುದಕ್ಕೂ ಮುಂದೆ ಜಾಗ ಕೊಡಬಾರದು ಅನ್ನುವುದನ್ನು ಲೈಸೆನ್ಸ್ ಷರತ್ತಿಗೇ ಸೇರಿಸಿತು.

ಇದರಲ್ಲಿ ಗ್ರಾಹಕರು ಮಾಡಬೇಕಾದ್ದು ಏನೂ ಇಲ್ಲ, ನೋಡಿ. ಫಾರಂ ತುಂಬಬೇಕಿಲ್ಲ, ಕಸ್ಟಮರ್ ಕೇರ್‌ಗೆ ಫೋನ್ ಮಾಡಬೇಕಿಲ್ಲ. ಎಲ್ಲ ತಾಣಗಳನ್ನೂ ಸಮನಾಗಿ ಕಾಣಬೇಕು ಅನ್ನುವ ಈ ತತ್ವಕ್ಕೆ ನೆಟ್ ನ್ಯೂಟ್ರಾಲಿಟಿ ಅಂತ ಹೆಸರು. ಆ ಪದ ಕೇಳಿರದವರಿಗೂ ನಿಯಮದ ಫಲ ಸಿಗುತ್ತಿದೆ. ನಮ್ಮ ದೇಶದಲ್ಲಿ ಇಂಟರ್ನೆಟ್ ಗ್ರಾಹಕರಿಗೋಸ್ಕರ ಆಗಿರುವ ಅತಿ ಒಳ್ಳೆಯ ಕೆಲಸ ಇದೇ ಅಂತ ನಾನು ನಂಬಿದ್ದೇನೆ.

ಅಮೆರಿಕದ ಕಥೆ ಹೋಲಿಸಿ ನೋಡಿದರೆ ಇದರ ಬೆಲೆ ಗೊತ್ತಾಗುತ್ತದೆ. ಅಲ್ಲಿನ ನಿಯಂತ್ರಣ ಸಂಸ್ಥೆಯಾದ ಎಫ್‌ಸಿಸಿ 2015ರಲ್ಲಿ ಇಂಥದ್ದೇ ನಿಯಮ ತಂದಿತು. ಸರ್ಕಾರ ಬದಲಾಯಿತು, 2017ರ ಡಿಸೆಂಬರ್‌ನಲ್ಲಿ ಅದೇ ಸಂಸ್ಥೆ ಅದನ್ನು ಕಿತ್ತುಹಾಕಿತು. ಮತ್ತೆ ಸರ್ಕಾರ ಬದಲಾಯಿತು, 2024ರ ಏಪ್ರಿಲ್‌ನಲ್ಲಿ ವಾಪಸ್ ತಂದಿತು. 2025ರ ಜನವರಿ 2ರಂದು ಮೇಲ್ಮನವಿ ನ್ಯಾಯಾಲಯ, ಇಂಥ ನಿಯಮ ಮಾಡುವ ಅಧಿಕಾರವೇ ಎಫ್‌ಸಿಸಿಗೆ ಇಲ್ಲ ಅಂತ ರದ್ದು ಮಾಡಿತು. ಸಂಸತ್ತು ಸ್ಪಷ್ಟವಾದ ಕಾನೂನು ಮಾಡದೆ ಎಲ್ಲವನ್ನೂ ಸಂಸ್ಥೆಯ ಮೇಲೆ ಬಿಟ್ಟಿದ್ದರ ಫಲ ಅದು. ಈಗ ಅಲ್ಲಿ ಯಾವ ರಾಜ್ಯದಲ್ಲಿ ಇದ್ದೀರಿ ಅನ್ನುವುದರ ಮೇಲೆ ರಕ್ಷಣೆ. ಕ್ಯಾಲಿಫೋರ್ನಿಯಾ 2018ರಲ್ಲಿ ತನ್ನದೇ ಕಾನೂನು ಮಾಡಿಕೊಂಡಿತು, ಅಲ್ಲಿನವರು ಬಚಾವ್.

ನಾವೂ ಮೈಮರೆಯುವ ಹಾಗಿಲ್ಲ. ನಮ್ಮ 2023ರ ದೂರಸಂಪರ್ಕ ಕಾಯ್ದೆಯಲ್ಲಿ ಈ ತತ್ವವನ್ನು ಹೆಸರು ಹಿಡಿದು ಬರೆದಿಲ್ಲ. ಅದು ಈಗಲೂ ಟ್ರಾಯ್ ನಿಯಮದಲ್ಲಿ ಮತ್ತು ಲೈಸೆನ್ಸ್ ಷರತ್ತಿನಲ್ಲಿ ಮಾತ್ರ ಇದೆ. ಅವೆರಡನ್ನೂ ಬದಲಾಯಿಸಲು ಸಂಸತ್ತಿಗೆ ಹೋಗಬೇಕಿಲ್ಲ. ಕಂಪನಿಗಳ ಕಡೆಯಿಂದ ಒತ್ತಡವೂ ನಿಂತಿಲ್ಲ. ಯೂಟ್ಯೂಬ್, ನೆಟ್‌ಫ್ಲಿಕ್ಸ್ ಥರದವರು ನಮ್ಮ ಜಾಲವನ್ನು ಬಳಸಿ ಸಂಪಾದಿಸುತ್ತಾರೆ, ಅವರೂ ನಮಗೆ ಪಾಲು ಕೊಡಲಿ ಅನ್ನುವುದು ಅವುಗಳ ಬೇಡಿಕೆ. ದಕ್ಷಿಣ ಕೊರಿಯಾ 2016ರಿಂದ ಸರಿಸುಮಾರು ಅದೇ ದಾರಿ ಹಿಡಿದಿದೆ. ಅಲ್ಲಿ ಇಂಟರ್ನೆಟ್ ಕಂಪನಿಗಳು ಒಬ್ಬರಿಗೊಬ್ಬರು ಕಳಿಸುವ ಡೇಟಾಕ್ಕೆ, ಕಳಿಸಿದವರೇ ದುಡ್ಡು ಕೊಡಬೇಕು. ಆಟದ ನೇರಪ್ರಸಾರ ಮಾಡುವ ಟ್ವಿಚ್ 2022ರಲ್ಲಿ ಅಲ್ಲಿ ವಿಡಿಯೊ ಗುಣಮಟ್ಟ ಇಳಿಸಿತು. 2024ರ ಫೆಬ್ರುವರಿಯಲ್ಲಿ ಬಾಗಿಲನ್ನೇ ಹಾಕಿತು. ಉಳಿದ ದೇಶಗಳಿಗಿಂತ ಅಲ್ಲಿ ಜಾಲದ ಖರ್ಚು ಹತ್ತು ಪಟ್ಟು ಜಾಸ್ತಿ ಅನ್ನುವುದು ಅದು ಕೊಟ್ಟ ಕಾರಣ. ಕಂಪನಿ ಕಂಪನಿಗಳ ನಡುವಿನ ಲೆಕ್ಕಾಚಾರ ಅಂತ ಶುರುವಾದದ್ದು ಕೊನೆಗೆ ನೋಡುಗರ ಪರದೆಗೇ ಬಂದು ನಿಂತಿತು.

ಬೆಲೆಗೆ ನಿಯಮವೇ ಇಲ್ಲ

ಬೆಲೆ ಏರಿದಾಗೆಲ್ಲ ಸರ್ಕಾರ ಏನು ಮಾಡುತ್ತಿದೆ ಅಂತ ಜನ ಕೇಳುತ್ತಾರೆ. ಉತ್ತರ ಸರಳ. ಡೇಟಾದ ದರವನ್ನು ಸರ್ಕಾರ ನಿಗದಿ ಮಾಡುವುದಿಲ್ಲ. ಕಂಪನಿಗಳು ತಮಗೆ ಬೇಕಾದ ದರ ಇಟ್ಟು, ಜಾರಿಗೆ ಬಂದ ಏಳು ಕೆಲಸದ ದಿನಗಳೊಳಗೆ ಟ್ರಾಯ್‌ಗೆ ತಿಳಿಸಿದರೆ ಸಾಕು. ಪೈಪೋಟಿಯೇ ಬೆಲೆ ಇಳಿಸುತ್ತದೆ ಅನ್ನುವ ನಂಬಿಕೆ ಇದರ ಹಿಂದೆ ಇದೆ.

ಒಂದಷ್ಟು ಕಾಲ ಅದು ನಿಜವೂ ಆಯಿತು. 2014ರಲ್ಲಿ 1 ಜಿಬಿ ಡೇಟಾದ ಸರಾಸರಿ ಬೆಲೆ 250 ರೂಪಾಯಿ ಮೀರಿತ್ತು. 2016ರ ಸೆಪ್ಟೆಂಬರ್‌ನಲ್ಲಿ ಜಿಯೊ ಬಂತು. 2018ರ ಹೊತ್ತಿಗೆ ಅದೇ 1 ಜಿಬಿ ಸುಮಾರು 12 ರೂಪಾಯಿಗೆ ಸಿಗುತ್ತಿತ್ತು. ಯಾವ ನಿಯಮದಿಂದಲೂ ಬೆಲೆ ಹೀಗೆ ಇಳಿಯುತ್ತಿರಲಿಲ್ಲ, ಅದನ್ನು ಒಪ್ಪಲೇಬೇಕು. ಆದರೆ ಅದೇ ಬಿರುಸಿಗೆ ಏರ್‌ಸೆಲ್, ರಿಲಯನ್ಸ್ ಕಮ್ಯುನಿಕೇಷನ್ಸ್, ಟಾಟಾ ಡೊಕೊಮೊ ಎಲ್ಲ ಕಣದಿಂದ ಹೊರಗೆ ಹೋದವು. ವೊಡಾಫೋನ್, ಐಡಿಯಾ ಒಂದಾದವು. ಈಗ ಮೊಬೈಲ್ ಗ್ರಾಹಕರಲ್ಲಿ ಹತ್ತಿರ ಹತ್ತಿರ ಮುಕ್ಕಾಲು ಪಾಲು ಎರಡೇ ಕಂಪನಿಗಳ ಕೈಯಲ್ಲಿದ್ದಾರೆ. 2024ರ ಜೂನ್ ಕೊನೆಗೆ ಮೂರೂ ಖಾಸಗಿ ಕಂಪನಿಗಳು ಒಂದರ ಬೆನ್ನಿಗೆ ಒಂದು ದರ ಏರಿಸಿದವು. ಹೆಚ್ಚಳ ಸುಮಾರು ಶೇ 11ರಿಂದ 25ರವರೆಗೆ. ಲಕ್ಷಗಟ್ಟಲೆ ಜನ ಸಿಟ್ಟಿನಿಂದ ಬಿಎಸ್‌ಎನ್‌ಎಲ್‌ಗೆ ಹೋದರು. ಹಾಗೆ ಹೋಗಲು ಸಾಧ್ಯವಾಗಿದ್ದು ನಂಬರ್ ಬದಲಾಯಿಸದೆ ಕಂಪನಿ ಬದಲಾಯಿಸಬಹುದು ಅನ್ನುವ, 2011ರಲ್ಲಿ ದೇಶದ ತುಂಬ ಜಾರಿಗೆ ಬಂದ ನಿಯಮದಿಂದ. 1900ಕ್ಕೆ ಒಂದು ಎಸ್‌ಎಂಎಸ್ ಕಳಿಸಿದರೆ ಶುರು. ಗ್ರಾಹಕರೇ ಮುಂದಾಗಬೇಕು ನಿಜ, ಆದರೆ ಪಡಬೇಕಾದ ಕಷ್ಟ ಅಷ್ಟೇ ಕಡಿಮೆ. ಅದಕ್ಕೇ ಆ ನಿಯಮ ಇಷ್ಟು ಬಳಕೆಯಾಗುತ್ತದೆ.

ಬೆಲೆಯನ್ನು ಮುಟ್ಟದೆ ಬೆಲೆಯ ವಿಷಯದಲ್ಲಿ ಸಹಾಯ ಮಾಡಲು ಹೋದರೆ ಏನಾಗುತ್ತದೆ ಅನ್ನುವುದಕ್ಕೂ ಉದಾಹರಣೆ ಇದೆ. ಇಂಟರ್ನೆಟ್ ಬಳಸದವರು, ವಯಸ್ಸಾದವರು, ಎರಡು ಸಿಮ್ ಇಟ್ಟುಕೊಂಡವರು ಡೇಟಾ ಬೇಡದಿದ್ದರೂ ಡೇಟಾ ಸೇರಿಸಿದ ಪ್ಲಾನ್‌ಗೆ ದುಡ್ಡು ಕಟ್ಟುತ್ತಿದ್ದರು. 2024ರ ಡಿಸೆಂಬರ್‌ನಲ್ಲಿ ಟ್ರಾಯ್, ಬರೀ ಕರೆ ಮತ್ತು ಎಸ್‌ಎಂಎಸ್ ಇರುವ ಪ್ಯಾಕ್ ಒಂದಾದರೂ ಇರಲೇಬೇಕು ಅಂತ ಹೇಳಿತು. ಒಳ್ಳೆಯ ಉದ್ದೇಶ. ಕಂಪನಿಗಳು ಏನು ಮಾಡಿದವು? ಡೇಟಾ ಇದ್ದ ಹಳೆಯ ಪ್ಲಾನ್‌ಗಳಿಂದ ಡೇಟಾ ತೆಗೆದು, ಬೆಲೆಯನ್ನು ಹೆಚ್ಚುಕಡಿಮೆ ಅಲ್ಲಿಯೇ ಬಿಟ್ಟು ಹೊಸ ಪ್ಯಾಕ್ ಅಂತ ತೋರಿಸಿದವು. ಟೀಕೆ ಬಂತು. ಟ್ರಾಯ್ ಪರಿಶೀಲಿಸುತ್ತೇವೆ ಅಂದಿತು. ಆಮೇಲೆ ಒಂದಿಷ್ಟು ಇಳಿಸಿದವು. ಪ್ಯಾಕ್ ಇರಬೇಕು ಅಂತ ಹೇಳಿ, ಅದು ಅಗ್ಗವಾಗಿರಬೇಕು ಅಂತ ಹೇಳದೆ ಬಿಟ್ಟರೆ ಇನ್ನೇನಾಗುತ್ತದೆ?

'ವರೆಗೆ' ಅಂತ ಬರೆದ ವೇಗ

ಮೊಬೈಲ್ ಬಿಟ್ಟು ಮನೆಯ ಫೈಬರ್ ಕಡೆ ಬಂದರೆ ತೊಂದರೆಯ ರೂಪವೇ ಬೇರೆ. ದೇಶದ ಬ್ರಾಡ್‌ಬ್ಯಾಂಡ್ ಗ್ರಾಹಕರು 90 ಕೋಟಿ ದಾಟಿದ್ದಾರೆ. ಅದರಲ್ಲಿ ತಂತಿ ಎಳೆಸಿಕೊಂಡವರು ಸುಮಾರು 4 ಕೋಟಿ ಮಾತ್ರ. ಮನೆಯಿಂದ ಕೆಲಸ ಮಾಡುವವರು, ಮಕ್ಕಳ ಆನ್‌ಲೈನ್ ಪಾಠ ನಡೆಸುವವರು, ಸಣ್ಣ ಆಫೀಸುಗಳು ನಂಬಿಕೊಂಡಿರುವುದು ಅದನ್ನೇ.

ಜಾಹೀರಾತಿನಲ್ಲಿ 100 ಎಂಬಿಪಿಎಸ್ 'ವರೆಗೆ' ಅಂತ ಇರುತ್ತದೆ. ಮೊದಲು ಒಂದು ಲೆಕ್ಕ ಸರಿ ಮಾಡಿಕೊಳ್ಳಬೇಕು. 100 ಎಂಬಿಪಿಎಸ್ ಅಂದರೆ ಸೆಕೆಂಡಿಗೆ 100 ಮೆಗಾಬಿಟ್, 100 ಮೆಗಾಬೈಟ್ ಅಲ್ಲ. ಎಂಟು ಬಿಟ್ ಸೇರಿದರೆ ಒಂದು ಬೈಟ್. ಹಾಗಾಗಿ ಫೈಲ್ ಇಳಿಸುವಾಗ ಸೆಕೆಂಡಿಗೆ 12 ಮೆಗಾಬೈಟ್ ಚಿಲ್ಲರೆ ತೋರಿಸಿದರೆ ಅದೇ ಪೂರ್ತಿ ವೇಗ. ಅದೂ ಬರದಿದ್ದರೆ ಕಾರಣ ಬೇರೆ ಇದೆ. ಕಂಪನಿಗಳು ಪ್ರತಿ ಮನೆಗೂ 100 ಎಂಬಿಪಿಎಸ್ ಎತ್ತಿಟ್ಟಿರುವುದಿಲ್ಲ. ಒಂದೇ ಸಾಲನ್ನು ಹಲವು ಮನೆಗಳಿಗೆ ಹಂಚುತ್ತಾರೆ. ಎಲ್ಲರೂ ಒಟ್ಟಿಗೆ ಬಳಸುವುದಿಲ್ಲ ಅನ್ನುವುದು ಲೆಕ್ಕ. ಇದು ಮೋಸವಲ್ಲ, ಪ್ರಪಂಚದಲ್ಲೆಲ್ಲ ಹೀಗೇ ನಡೆಯುತ್ತದೆ. ಎಷ್ಟು ಮನೆಗೆ ಹಂಚಬಹುದು ಅನ್ನುವುದೇ ಪ್ರಶ್ನೆ. ಟ್ರಾಯ್ 2009ರಲ್ಲಿ ಹೇಳಿದ್ದು ಮನೆ ಸಂಪರ್ಕಕ್ಕೆ 50 ಜನಕ್ಕೆ ಒಂದು, ವ್ಯಾಪಾರದ ಸಂಪರ್ಕಕ್ಕೆ 30 ಜನಕ್ಕೆ ಒಂದು. ರಾತ್ರಿ ಎಂಟರಿಂದ ಹನ್ನೊಂದರವರೆಗೆ ಎಲ್ಲ ಮನೆಯಲ್ಲೂ ವಿಡಿಯೊ ಓಡುವಾಗ ವೇಗ ಕುಸಿದರೆ ಹಂಚಿಕೆ ಜಾಸ್ತಿಯಾಗಿದೆ ಅಂತ ಊಹಿಸಬಹುದು. ಆದರೆ ನಿಮ್ಮ ಸಾಲಿನಲ್ಲಿ ಎಷ್ಟು ಮನೆ ಇವೆ ಅನ್ನುವುದು ನಿಮಗೆ ಗೊತ್ತಾಗುವ ದಾರಿ ಯಾವುದೂ ಇಲ್ಲ.

ಅನ್‌ಲಿಮಿಟೆಡ್ ಅಂತ ಮಾರಿದ ಪ್ಲಾನ್‌ಗೂ ಒಂದು ಮಿತಿ ಇರುತ್ತದೆ, ಅದು ಮುಗಿದರೆ ವೇಗ ಇಳಿಯುತ್ತದೆ. ಮಿತಿ ಎಷ್ಟು, ಆಮೇಲಿನ ವೇಗ ಎಷ್ಟು ಅಂತ ಹೇಳಲೇಬೇಕು, ಮನೆಯ ಬ್ರಾಡ್‌ಬ್ಯಾಂಡ್‌ನಲ್ಲಿ ಅದು 512 ಕೆಬಿಪಿಎಸ್‌ಗಿಂತ, ಅಂದರೆ ಸುಮಾರು ಅರ್ಧ ಎಂಬಿಪಿಎಸ್‌ಗಿಂತ, ಕೆಳಗೆ ಹೋಗಬಾರದು ಅಂತ 2016ರಲ್ಲಿ ಟ್ರಾಯ್ ನಿರ್ದೇಶನ ಕೊಟ್ಟಿತ್ತು. 512 ಕೆಬಿಪಿಎಸ್‌ನಲ್ಲಿ ಇವತ್ತು ಒಂದು ವಿಡಿಯೊ ಕರೆಯೂ ನೆಟ್ಟಗೆ ನಿಲ್ಲುವುದಿಲ್ಲ. ಬ್ರಾಡ್‌ಬ್ಯಾಂಡ್ ಅಂತ ಕರೆಸಿಕೊಳ್ಳಲು ಬೇಕಾದ ಕನಿಷ್ಠ ವೇಗವನ್ನೂ 2004ರಲ್ಲಿ 256 ಕೆಬಿಪಿಎಸ್, 2013ರಲ್ಲಿ 512, 2023ರಲ್ಲಿ 2 ಎಂಬಿಪಿಎಸ್ ಅಂತ ನಿಧಾನವಾಗಿ ಏರಿಸುತ್ತಾ ಬಂದರು. ಅಮೆರಿಕದಲ್ಲಿ 2024ರಿಂದ ಅದು 100 ಎಂಬಿಪಿಎಸ್. ಅವರ ಮಟ್ಟ ನಮಗೆ ಈಗಲೇ ಆಗದಿರಬಹುದು, ಆದರೆ 2ಕ್ಕೂ 100ಕ್ಕೂ ನಡುವೆ ಬೇಕಾದಷ್ಟು ಜಾಗ ಇದೆಯಲ್ವಾ?

ಯುರೋಪಿನ ಒಕ್ಕೂಟ 2015ರಲ್ಲಿ ಮಾಡಿದ ನಿಯಮ ಈ 'ವರೆಗೆ' ಅನ್ನುವ ಮರೆಯನ್ನೇ ಸರಿಸಿತು. ಮನೆ ಸಂಪರ್ಕದ ಒಪ್ಪಂದದಲ್ಲಿ ಕನಿಷ್ಠ ವೇಗ, ಸಾಮಾನ್ಯವಾಗಿ ಸಿಗುವ ವೇಗ, ಗರಿಷ್ಠ ವೇಗ, ಜಾಹೀರಾತಿನ ವೇಗ ನಾಲ್ಕನ್ನೂ ಬರೆದು ಕೊಡಬೇಕು. ಜರ್ಮನಿಯಲ್ಲಿ 2021ರ ಕೊನೆಯಿಂದ ಇನ್ನೂ ಒಂದು ಹಕ್ಕು ಸೇರಿತು. ಸರ್ಕಾರಿ ಸಂಸ್ಥೆ ಕೊಟ್ಟ ಉಪಕರಣದಲ್ಲಿ ಅಳೆದು ವೇಗ ಕಡಿಮೆ ಅಂತ ಕಂಡುಬಂದರೆ, ಎಷ್ಟು ಕಡಿಮೆಯೋ ಅಷ್ಟು ಬಿಲ್ಲಿನಲ್ಲೂ ಕಡಿಮೆ ಕೊಡಬಹುದು. ನಮ್ಮಲ್ಲೂ ಟ್ರಾಯ್ 2016ರಲ್ಲಿ ಮೈಸ್ಪೀಡ್ ಆ್ಯಪ್ ಬಿಟ್ಟಿದೆ. ಅಳೆಯುವುದು ಸುಲಭ. ಅಳೆದು ಬಂದ ಅಂಕಿಯನ್ನು ಹಿಡಿದು ಬಿಲ್ಲಿನಲ್ಲಿ ಒಂದು ರೂಪಾಯಿ ಇಳಿಸಿಕೊಳ್ಳಲು ನಮಗೆ ದಾರಿ ಇಲ್ಲ.

ಸಂಪರ್ಕ ಕಡಿದು ಹೋದ ದಿನಗಳ ದುಡ್ಡು

ಸಂಪರ್ಕವೇ ಸತ್ತು ಬಿದ್ದ ದಿನಗಳಿಗೆ ಕಟ್ಟಿದ ದುಡ್ಡು ಎಲ್ಲಿ ಹೋಗುತ್ತದೆ? ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಇದು.

ನಮ್ಮ ಮನೆಯಲ್ಲೂ ಇದು ಆಗಿದೆ. ರಸ್ತೆ ಅಗೆಯುವಾಗ ಕೇಬಲ್ ತುಂಡಾಗಿ ಬೀದಿಗೆ ಬೀದಿಯೇ ಇಂಟರ್ನೆಟ್ ಇಲ್ಲದೆ ಕೂತಿತು. ದೂರು ಕೊಟ್ಟೆ, ನಂಬರ್ ಬಂತು. ಸಂಜೆ ಹೊತ್ತಿಗೆ 'ನಿಮ್ಮ ದೂರನ್ನು ಪರಿಹರಿಸಲಾಗಿದೆ' ಅಂತ ಮೆಸೇಜ್ ಬಂತು. ಮೋಡೆಮ್ ಮೇಲೆ ಕೆಂಪು ದೀಪ ಹಾಗೇ ಮಿನುಗುತ್ತಿತ್ತು. ಮತ್ತೆ ದೂರು, ಹೊಸ ನಂಬರ್. ಲೈನ್‌ಮನ್ ಬಂದು ಸರಿ ಮಾಡಿದ, ಪಾಪ ಅವನ ತಪ್ಪೇನೂ ಇರಲಿಲ್ಲ. ಆದರೆ ಹೋದ ದಿನಗಳು ಬಿಲ್ಲಿನಲ್ಲಿ ಹಾಗೇ ಉಳಿದವು. ಕೇಳಿದರೆ ಕೊಡುತ್ತಿದ್ದರೋ ಏನೋ, ನಮ್ಮ ಬೀದಿಯಲ್ಲಿ ಯಾರೂ ಕೇಳಲಿಲ್ಲ.

ಕೇಳದೆಯೇ ಕೊಡಬೇಕು ಅನ್ನುವ ಪ್ರಯತ್ನ ನಮ್ಮಲ್ಲಿ ಒಮ್ಮೆ ನಡೆದಿತ್ತು. ಅದು ಮೊಬೈಲ್ ಕರೆಗಳ ವಿಷಯದಲ್ಲಿ. ಕರೆ ಮಧ್ಯದಲ್ಲಿ ಕಡಿದುಹೋದರೆ ಗ್ರಾಹಕರ ಖಾತೆಗೆ ತಾನಾಗಿಯೇ ಒಂದು ರೂಪಾಯಿ ಹಾಕಬೇಕು, ದಿನಕ್ಕೆ ಮೂರು ಸಲದವರೆಗೆ ಅಂತ ಟ್ರಾಯ್ 2015ರಲ್ಲಿ ನಿಯಮ ಮಾಡಿತು. 2016ರ ಮೇ 11ರಂದು ಸುಪ್ರೀಂ ಕೋರ್ಟ್ ಅದನ್ನು ಹೊಡೆದುಹಾಕಿತು. ಕೋರ್ಟ್ ಕೊಟ್ಟ ಕಾರಣಗಳನ್ನು ಗಮನಿಸಬೇಕು. ಶೇ 2ರವರೆಗೆ ಕರೆ ಕಡಿದರೂ ಸರಿ ಅಂತ ಟ್ರಾಯ್‌ನದೇ ಗುಣಮಟ್ಟದ ನಿಯಮ ಹೇಳುತ್ತದೆ. ಆ ಮಿತಿಯೊಳಗೆ ಇದ್ದರೂ ದಂಡ ಹಾಕುವುದು ಹೇಗೆ? ಕೆಲವು ಕರೆಗಳು ಗ್ರಾಹಕರ ಕಡೆಯ ಕಾರಣದಿಂದಲೂ ಕಡಿಯುತ್ತವೆ. ಯಾರ ತಪ್ಪು ಅಂತ ನೋಡದೆ ಎಲ್ಲದಕ್ಕೂ ಕಂಪನಿಯೇ ಕೊಡಬೇಕು ಅನ್ನುವುದು ಹೇಗೆ? ಅಂದರೆ ಕೋರ್ಟಿಗೆ ಒಪ್ಪಿಗೆಯಾಗದ್ದು ತಪ್ಪನ್ನು ವಿಂಗಡಿಸದೆ ಕೈಹಾಕಿದ ರೀತಿ.

ಆಮೇಲೆ ಬಹಳ ಕಾಲ ಟ್ರಾಯ್ ಆ ದಾರಿಗೆ ಹೋಗಲಿಲ್ಲ. 2024ರ ಆಗಸ್ಟ್‌ನಲ್ಲಿ ಹೊಸ ಗುಣಮಟ್ಟದ ನಿಯಮ ಬಂತು. ದಂಡ 10 ಲಕ್ಷ ರೂಪಾಯಿವರೆಗೆ ಏರಿತು. ಎಲ್ಲಿ ಯಾವ ಸಿಗ್ನಲ್ ಸಿಗುತ್ತದೆ ಅನ್ನುವ ನಕ್ಷೆಯನ್ನು ಕಂಪನಿಗಳು ತಮ್ಮ ತಾಣದಲ್ಲಿ ಹಾಕಬೇಕಾಯಿತು. ಮೂರು ತಿಂಗಳಿಗೊಮ್ಮೆ ಅಳೆಯುತ್ತಿದ್ದ ಮೊಬೈಲ್ ಗುಣಮಟ್ಟವನ್ನು ತಿಂಗಳಿಗೊಮ್ಮೆ ಅಳೆಯುವ ಹಾಗಾಯಿತು. ಜಿಲ್ಲಾ ಮಟ್ಟದಲ್ಲಿ ಮೊಬೈಲ್ ಜಾಲ 24 ಗಂಟೆಗಿಂತ ಹೆಚ್ಚು ಹೊತ್ತು ಹೋದರೆ ಪೋಸ್ಟ್‌ಪೇಯ್ಡ್‌ನವರಿಗೆ ಬಾಡಿಗೆಯಲ್ಲಿ ಕಡಿತ, ಪ್ರೀಪೇಯ್ಡ್‌ನವರಿಗೆ ಅವಧಿಯಲ್ಲಿ ಹೆಚ್ಚಳ ಕೊಡಬೇಕು ಅಂತಲೂ ಬಂತು. ಒಂದು ದಿನದಲ್ಲಿ 12 ಗಂಟೆ ಮೀರಿ ಹೋಗಿದ್ದರೆ ಪೂರ್ತಿ ದಿನ ಅಂತ ಲೆಕ್ಕ. ಪ್ರಕೃತಿ ವಿಕೋಪ ಇದರಿಂದ ಹೊರಗೆ. ಮನೆಯ ತಂತಿ ಸಂಪರ್ಕದ ದೋಷ ಮೂರು ದಿನ ಮೀರಿದರೂ ಪರಿಹಾರ ಕೊಡಬೇಕು ಅಂತ ಅದೇ ನಿಯಮ ಹೇಳುತ್ತದೆ.

ಗ್ರಾಹಕರು ಕೇಳದೆಯೇ ಸಿಗಬೇಕಾದ ಪರಿಹಾರ ಇದು. ಅದಕ್ಕೆ ಮೆಚ್ಚಲೇಬೇಕು. ಆದರೆ ಮೊಬೈಲ್‌ನಲ್ಲಿ ಅಳತೆ ಜಿಲ್ಲೆಯದು! ಒಂದು ಬಡಾವಣೆ, ಒಂದು ಹಳ್ಳಿ, ಒಂದು ಟವರ್‌ನ ಸುತ್ತಮುತ್ತ ವಾರಗಟ್ಟಲೆ ಸಿಗ್ನಲ್ ಇಲ್ಲದಿದ್ದರೂ ಅದು ಲೆಕ್ಕಕ್ಕೆ ಬರುವುದಿಲ್ಲ. ಜಿಲ್ಲೆಗೆ ಜಿಲ್ಲೆಯೇ ಒಂದು ದಿನ ಪೂರ್ತಿ ಕತ್ತಲಾಗುವುದು ಅಪರೂಪ. ಜನ ದಿನಾ ಅನುಭವಿಸುವ ತೊಂದರೆ ಬೀದಿ ಮಟ್ಟದ್ದು, ಊರಿನ ಮಟ್ಟದ್ದು.

ಬ್ರಿಟನ್‌ನಲ್ಲಿ 2019ರ ಏಪ್ರಿಲ್‌ನಿಂದ ಒಂದು ವ್ಯವಸ್ಥೆ ನಡೆಯುತ್ತಿದೆ. ಅಲ್ಲಿನ ನಿಯಂತ್ರಣ ಸಂಸ್ಥೆ ಆಫ್‌ಕಾಮ್ ದೊಡ್ಡ ಕಂಪನಿಗಳನ್ನು ಒಪ್ಪಿಸಿ ತಂದದ್ದು. ಮನೆಯ ಸಂಪರ್ಕ ಹೋಗಿ, ತಿಳಿಸಿದ ಮೇಲೆ ಎರಡು ಪೂರ್ತಿ ಕೆಲಸದ ದಿನಗಳಲ್ಲಿ ಸರಿಯಾಗದಿದ್ದರೆ ಅಲ್ಲಿಂದ ದಿನಕ್ಕೆ ಇಷ್ಟು ಅಂತ ಬಿಲ್ಲಿಗೆ ಜಮಾ. ಶುರುವಿನಲ್ಲಿ ಅದು ದಿನಕ್ಕೆ 8 ಪೌಂಡ್ ಇತ್ತು. ರಿಪೇರಿಯವರು ಹೇಳಿದ ದಿನ ಬರದಿದ್ದರೆ 25 ಪೌಂಡ್. ದುಡ್ಡು ಕೊಡಿ ಅಂತ ಯಾರೂ ಅರ್ಜಿ ಹಾಕಬೇಕಿಲ್ಲ. ಅಲ್ಲಿನ ಲೆಕ್ಕ ಮನೆಯದು, ಜಿಲ್ಲೆಯದಲ್ಲ.

ದೂರು ಕೊಡುವ ದಾರಿ

ನಮ್ಮಲ್ಲಿ ಹೇಗೆ? ಟ್ರಾಯ್‌ಗೇ ದೂರು ಕೊಡುತ್ತೇನೆ ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ಟ್ರಾಯ್ ಒಬ್ಬೊಬ್ಬರ ದೂರನ್ನು ವಿಚಾರಣೆ ಮಾಡುವುದಿಲ್ಲ. 2012ರ ನಿಯಮದ ಪ್ರಕಾರ ಮೊದಲು ಕಂಪನಿಯ ದೂರು ಕೇಂದ್ರ, ಅಲ್ಲಿ ಡಾಕೆಟ್ ನಂಬರ್, ಅಂದರೆ ದೂರಿನ ಗುರುತಿನ ನಂಬರ್, ಪಡೆಯಬೇಕು. ಸರಿಯಾಗದಿದ್ದರೆ 30 ದಿನದೊಳಗೆ ಮೇಲ್ಮನವಿ. ಅದನ್ನು 39 ದಿನದೊಳಗೆ ಮುಗಿಸಬೇಕು. ಮೇಲ್ಮನವಿ ಕೇಳುವವರು ಯಾರು? ಅದೇ ಕಂಪನಿಯಲ್ಲಿರುವ ಅಧಿಕಾರಿ. ಎರಡು ದಿನದ ಇಂಟರ್ನೆಟ್ ದುಡ್ಡಿಗೋಸ್ಕರ ಎರಡು ತಿಂಗಳು ಯಾರು ಅಲೆಯುತ್ತಾರೆ? ಕಂಪನಿಗಳಿಗೂ ಇದು ಗೊತ್ತು.

ಇದರಾಚೆಗಿನ ಬಾಗಿಲು ಗ್ರಾಹಕ ಆಯೋಗ. ಅದೂ ಬಹಳ ವರ್ಷ ಮುಚ್ಚಿದಂತೆಯೇ ಇತ್ತು. ಟೆಲಿಫೋನ್ ಬಿಲ್ಲಿನ ತಕರಾರಿಗೆ 1885ರ ಟೆಲಿಗ್ರಾಫ್ ಕಾಯ್ದೆಯಲ್ಲೇ ಮಧ್ಯಸ್ಥಿಕೆಯ ದಾರಿ ಇರುವುದರಿಂದ ಗ್ರಾಹಕರ ವೇದಿಕೆಗೆ ಬರುವಂತಿಲ್ಲ ಅಂತ 2009ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಕಂಪನಿಗಳು ಆ ತೀರ್ಪನ್ನೇ ಗುರಾಣಿ ಮಾಡಿಕೊಂಡವು. 2022ರ ಫೆಬ್ರುವರಿ 16ರಂದು ಅದೇ ಸುಪ್ರೀಂ ಕೋರ್ಟ್, ವೊಡಾಫೋನ್ ಐಡಿಯಾ ಪ್ರಕರಣದಲ್ಲಿ, ಗ್ರಾಹಕರು ಆಯೋಗಕ್ಕೆ ಹೋಗಬಹುದು ಅಂತ ಸ್ಪಷ್ಟ ಮಾಡಿತು. 2023ರ ದೂರಸಂಪರ್ಕ ಕಾಯ್ದೆಯೂ ಆ ಹಕ್ಕನ್ನು ಉಳಿಸಿದೆ. ಸೇವೆಗೆ ಕೊಟ್ಟ ಹಣ 5 ಲಕ್ಷ ರೂಪಾಯಿ ಒಳಗಿದ್ದರೆ ಶುಲ್ಕವೂ ಇಲ್ಲ, ಆನ್‌ಲೈನ್‌ನಲ್ಲೇ ಸಲ್ಲಿಸಬಹುದು. ಅದಕ್ಕೂ ಮೊದಲು 1915 ಸಹಾಯವಾಣಿಗೆ ಒಂದು ಕರೆ ಮಾಡಿ ನೋಡಬಹುದು, ಕೆಲವು ಸಲ ಅಲ್ಲೇ ಮುಗಿಯುತ್ತದೆ. ಯಾವ ದಾರಿ ಹಿಡಿದರೂ ಡಾಕೆಟ್ ನಂಬರ್, ಮೆಸೇಜ್‌ಗಳ ಸ್ಕ್ರೀನ್‌ಶಾಟ್, ಬಿಲ್ಲು ಇಟ್ಟುಕೊಂಡಿರಬೇಕು.

ಸರ್ಕಾರವೇ ಇಂಟರ್ನೆಟ್ ನಿಲ್ಲಿಸಿದಾಗ ಮಾತ್ರ ಈ ಯಾವ ದಾರಿಯೂ ಇಲ್ಲ. ಜಮ್ಮು ಕಾಶ್ಮೀರದಲ್ಲಿ 2019ರ ಆಗಸ್ಟ್‌ನಲ್ಲಿ ಹೋದ 4ಜಿ ಎಲ್ಲೆಡೆ ಮರಳಿದ್ದು 2021ರ ಫೆಬ್ರುವರಿಯಲ್ಲಿ. ಸ್ಥಗಿತದ ಆದೇಶವನ್ನು ಪ್ರಕಟಿಸಬೇಕು, ಅನಿರ್ದಿಷ್ಟ ಕಾಲ ನಿಲ್ಲಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2020ರ ಜನವರಿಯಲ್ಲಿ ಹೇಳಿತು. ಒಂದು ಆದೇಶಕ್ಕೆ 15 ದಿನದ ಮಿತಿ ಬಂತು. 2024ರಲ್ಲಿ ಹೊಸ ನಿಯಮಗಳೂ ಬಂದವು. ಆದರೆ ಆ ದಿನಗಳಿಗೆ ಜನ ಮೊದಲೇ ಕಟ್ಟಿದ ರೀಚಾರ್ಜ್ ದುಡ್ಡಿನ ಮಾತು ಆ ನಿಯಮಗಳಲ್ಲಿ ಎಲ್ಲೂ ಬರುವುದಿಲ್ಲ.

ಪ್ರತಿ ಮನೆಗೆ ತಾನಾಗಿಯೇ ಪರಿಹಾರ ಕೊಡಲು ತಾಂತ್ರಿಕ ತೊಂದರೆ ಇದೆ, ಸಣ್ಣ ಕಂಪನಿಗಳಿಗೆ ಹೊರೆಯಾಗುತ್ತದೆ ಅನ್ನುವ ವಾದ ಇದೆ. ಹೊರೆಯ ಮಾತನ್ನು ಒಪ್ಪಬಹುದು. ಊರೂರಲ್ಲಿ ಕೇಬಲ್ ಎಳೆದು ನೂರಿನ್ನೂರು ಮನೆಗೆ ಸೇವೆ ಕೊಡುವವರಿಗೂ ಲಕ್ಷಾಂತರ ಗ್ರಾಹಕರಿರುವ ಕಂಪನಿಗೂ ಒಂದೇ ನಿಯಮ ಹಾಕಿದರೆ ಮೊದಲನೆಯವರು ಅಂಗಡಿ ಮುಚ್ಚುತ್ತಾರೆ. ಕೆಲವು ಊರಲ್ಲಿ ಅವರೇ ಇರುವ ಒಂದೇ ಆಯ್ಕೆ. ಗ್ರಾಹಕರ ಸಂಖ್ಯೆ ನೋಡಿ ಹಂತ ಹಂತವಾಗಿ ಜಾರಿ ಮಾಡಬೇಕು.

ತಾಂತ್ರಿಕ ತೊಂದರೆ ಅನ್ನುವುದನ್ನು ಮಾತ್ರ ಒಪ್ಪಲು ಆಗುವುದಿಲ್ಲ. ಮನೆಯ ಫೈಬರ್ ಮೋಡೆಮ್ ಮತ್ತು ಕಂಪನಿಯ ಕಡೆಯ ಯಂತ್ರ ಯಾವಾಗಲೂ ಮಾತಾಡುತ್ತಲೇ ಇರುತ್ತವೆ. ಬೆಳಕಿನ ಸಂಕೇತ ನಿಂತ ತಕ್ಷಣ ನಮ್ಮ ಮೋಡೆಮ್ ಮೇಲೆ ಕೆಂಪು ದೀಪ ಬರುತ್ತದೆ, ಅದೇ ಹೊತ್ತಿಗೆ ಕಂಪನಿಯ ಪರದೆಯಲ್ಲೂ ದಾಖಲಾಗುತ್ತದೆ. ಮನೆಯಲ್ಲಿ ಕರೆಂಟ್ ಹೋಗಿ ಮೋಡೆಮ್ ಆರುವುದಾದರೆ, ಆರುವ ಮುಂಚಿನ ಕ್ಷಣದಲ್ಲಿ ಅದು ಕಂಪನಿಗೆ ಬೇರೆಯೇ ಒಂದು ಸಂಕೇತ ಕಳಿಸುತ್ತದೆ. ಹಾಗಾಗಿ ಕೇಬಲ್ ತುಂಡಾಗಿದ್ದೋ, ಗ್ರಾಹಕರ ಮನೆಯಲ್ಲೇ ಸ್ವಿಚ್ ಆರಿಸಿದ್ದೋ ಅನ್ನುವುದು ಕಂಪನಿಗೆ ತಿಳಿಯುತ್ತದೆ. 2016ರಲ್ಲಿ ಕೋರ್ಟ್ ಕೇಳಿದ್ದು ಇದನ್ನೇ ಅಲ್ವಾ, ಯಾರ ತಪ್ಪು ಅಂತ ವಿಂಗಡಿಸದೆ ದಂಡ ಹಾಕಬಾರದು ಅಂತ? ಮೊಬೈಲ್ ಕರೆಯಲ್ಲಿ ಅದು ಕಷ್ಟವಿತ್ತು. ಮನೆಯ ಫೈಬರ್‌ನಲ್ಲಿ ಆ ವಿವರ ಈಗಾಗಲೇ ಕಂಪನಿಯ ಕಂಪ್ಯೂಟರಿನಲ್ಲಿದೆ, ಗಂಟೆ ನಿಮಿಷದ ಸಮೇತ. ಪ್ಲಾನ್ ಮುಗಿದ ಕೂಡಲೇ ಯಾರ ಕೈ ಸೋಕದೆ ಸಂಪರ್ಕ ಕಡಿಯುವಷ್ಟು ನಿಖರವಾದ ವ್ಯವಸ್ಥೆಗೆ, ಎರಡು ದಿನ ಸಂಪರ್ಕ ಇರದಿದ್ದರೆ ಅವಧಿಗೆ ಎರಡು ದಿನ ಸೇರಿಸುವುದು ಹೊಸ ಕೆಲಸವೇನೂ ಅಲ್ಲ. 2024ರ ನಿಯಮದಲ್ಲಿ ಜಿಲ್ಲೆ, ಮೂರು ದಿನ ಅಂತ ಇರುವ ಜಾಗಕ್ಕೆ ಪ್ರತಿ ಸಂಪರ್ಕ, ಪ್ರತಿ ದಿನ ಅಂತ ಬರಬೇಕು. ಅದಕ್ಕೆ ಹೊಸ ಕಾಯ್ದೆ ಬೇಕಿಲ್ಲ, ಟ್ರಾಯ್ ಒಂದು ತಿದ್ದುಪಡಿಯ ಕರಡು ಹೊರಡಿಸಿ ಅಭಿಪ್ರಾಯ ಕೇಳಿದರೆ ಸಾಕು. 2015ರಲ್ಲಿ ಹತ್ತು ಲಕ್ಷ ಇಮೇಲ್ ಬರೆದ ಜನ ಈ ಸಲವೂ ಬರೆಯುತ್ತಾರೆ.